ಬೆಳಗಿನ ಜಾವ ಮೂರಕ್ಕೆ ಫ್ಯಾನ್ ನಿಲ್ಲೋದು ಯಾಕೆ? ಕ್ಯಾಂಪರ್ ಗಾಡಿಯ ಬ್ಯಾಟರಿ ಬಗ್ಗೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಬ್ಯಾಟರಿ, ಇನ್ವರ್ಟರ್, ಸೋಲಾರ್ ವೈರಿಂಗ್ ನನ್ನ ಕೆಲಸ. ಮೊದಲು ಮನೆ, ಅಂಗಡಿ, ಮೀನಿನ ಬೋಟು ಇಷ್ಟೇ ಇತ್ತು. ಈಚೆಗೆ ಟ್ರಾವೆಲರ್, ಓಮ್ನಿ, ಪಿಕಪ್ ಒಳಗೆ ಹಾಸಿಗೆ, ಒಲೆ, ಫ್ರಿಜ್ ಕೂರಿಸಿಕೊಂಡು ಮಾಜಾಳಿಯಿಂದ ಭಟ್ಕಳದವರೆಗೆ ಕಡಲ ದಂಡೆ ಸುತ್ತುವವರೂ ಬರುತ್ತಿದ್ದಾರೆ. ಪ್ಲಗ್ ಸಿಗದ ಜಾಗದಲ್ಲಿ ಎರಡು ಮೂರು ರಾತ್ರಿ ಕಳೆಯೋದು ಹೇಗೆ ಅನ್ನೋದೇ ಅವರೆಲ್ಲರ ಚಿಂತೆ. ಗುಂಪಿನ ಅಡ್ಮಿನ್ ಹೇಳಿದ್ದಕ್ಕೆ ಇವತ್ತು ನಿಮ್ಮ ಪ್ರಶ್ನೆಗಳಿಗೆ ಕೂತಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಲೆಕ್ಕವನ್ನು ನಾನು ಯೂನಿಟ್‌ನಲ್ಲಿ ಹೇಳುತ್ತೇನೆ. ಹೆಸ್ಕಾಂ ಬಿಲ್ಲಿನಲ್ಲಿ ಬರುತ್ತಲ್ಲ, ಅದೇ ಯೂನಿಟ್. 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ 1 ಯೂನಿಟ್. 100 ವ್ಯಾಟಿನದ್ದು 10 ಗಂಟೆ ಓಡಿದರೂ 1 ಯೂನಿಟ್. 12 ವೋಲ್ಟಿನ 150 ಎಎಚ್ (ಆಂಪ್-ಅವರ್) ಬ್ಯಾಟರಿ ಪೂರ್ತಿ ತುಂಬಿದಾಗ ಅದರೊಳಗೆ ಇರೋದು 1.8 ಯೂನಿಟ್ ಮಾತ್ರ. ಮನೆಯಲ್ಲಿ ಫ್ಯಾನ್, ಟಿವಿ, ಫ್ರಿಜ್, ಗೀಸರ್ ಅಂತ ಲೆಕ್ಕವಿಲ್ಲದೆ ಓಡಿಸಿ ರೂಢಿಯಾದವರು ಗಾಡಿಯಲ್ಲಿ ದಿನಕ್ಕೆ ಒಂದು ಯೂನಿಟ್ ಒಳಗೆ ಇರಬೇಕು. ಆಗುತ್ತೆ, ಆರಾಮಾಗೇ ಆಗುತ್ತೆ. ಯಾವುದು ಎಷ್ಟು ತಿನ್ನುತ್ತೆ ಅಂತ ಗೊತ್ತಿದ್ದರೆ ಸಾಕು.

ಪ್ರಶ್ನೆ (ಹುಬ್ಬಳ್ಳಿಯಿಂದ): ಸರ್, ನಮ್ಮದು ಟ್ರಾವೆಲರ್. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ. ಇನ್ವರ್ಟರ್ ಮನೆಯದ್ದೇ, ಸಣ್ಣ ಫ್ರಿಜ್ಜೂ ಮನೆಯದ್ದೇ, ಎರಡು ಟೇಬಲ್ ಫ್ಯಾನ್. ಗೋಕರ್ಣದ ಹತ್ತಿರ ಪರಿಚಯದವರ ತೋಟದಲ್ಲಿ ನಿಲ್ಲಿಸಿದ್ದೆವು. ಸಂಜೆ 6ಕ್ಕೆ ಬ್ಯಾಟರಿ ಫುಲ್ ಇತ್ತು. ಬೆಳಗಿನ ಜಾವ 3ಕ್ಕೆ ಇನ್ವರ್ಟರ್ ಕೂಗಿ ಬಂದ್ ಆಯಿತು. ಸೆಕೆಗೆ ಮಕ್ಕಳೆಲ್ಲ ಎದ್ದು ಕೂತರು. ಅಂಗಡಿಯವರು ಇನ್ನೊಂದು ಬ್ಯಾಟರಿ ಹಾಕಿಸಿ ಅಂತಾರೆ. ಹಾಕಿಸಲಾ?

ಉತ್ತರ: ಬೇಡ ಸರ್. ಸ್ವಲ್ಪ ತಡೆಯಿರಿ. ಮೊದಲು ಆ ರಾತ್ರಿಯ ಲೆಕ್ಕ ನೋಡೋಣ.

ಟೇಬಲ್ ಫ್ಯಾನ್ ಒಂದಕ್ಕೆ 50 ವ್ಯಾಟ್ ಹಿಡಿಯಿರಿ. ಎರಡು ಫ್ಯಾನ್, ರಾತ್ರಿ 8ರಿಂದ 3ರವರೆಗೆ 7 ಗಂಟೆ. ಅಲ್ಲಿಗೆ 700 ವ್ಯಾಟ್-ಅವರ್ (1000 ವ್ಯಾಟ್-ಅವರ್ ಅಂದರೆ 1 ಯೂನಿಟ್). ಫ್ರಿಜ್ಜಿನ ಕಂಪ್ರೆಸರ್ ಓಡುವಾಗ 90 ವ್ಯಾಟ್ ಹತ್ತಿರ ಎಳೆಯುತ್ತೆ, ಆದರೆ ಬಿಟ್ಟು ಬಿಟ್ಟು ಓಡುತ್ತೆ. ನಮ್ಮ ಸೆಕೆಗೆ ಅರ್ಧ ಹೊತ್ತು ಓಡುತ್ತೆ ಅಂದುಕೊಂಡರೂ 9 ಗಂಟೆಗೆ 400. ಲೈಟಿಗೆ 80. ಇವೆಲ್ಲ ಇನ್ವರ್ಟರ್ ಮೂಲಕ ಹೋಗೋದರಿಂದ ದಾರಿಯಲ್ಲೇ ಶೇ. 15ರಷ್ಟು ಬಿಸಿಯಾಗಿ ಹೋಗುತ್ತೆ. ಇನ್ನು ಇನ್ವರ್ಟರ್ ಆನ್ ಇದ್ದದ್ದಕ್ಕೇ ಅದರ ಸ್ವಂತ ಖರ್ಚು ಗಂಟೆಗೆ ಸುಮಾರು 20. ಎಲ್ಲ ಕೂಡಿಸಿದರೆ 1550 ದಾಟುತ್ತೆ. ನಿಮ್ಮ ಬ್ಯಾಟರಿಯಲ್ಲಿ ಇದ್ದದ್ದೇ 1800. ಸ್ವಲ್ಪ ಹಳೆಯ ಬ್ಯಾಟರಿಯಾದರೆ ಅಷ್ಟೂ ಇರಲ್ಲ. ಮೂರಕ್ಕೆ ಬಂದ್ ಆಗಿದ್ದು ಸರಿಯಾಗೇ ಇದೆ. ಬ್ಯಾಟರಿಯ ತಪ್ಪಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಿಮ್ಮ ಟ್ಯೂಬ್ಯುಲರ್ ಲೆಡ್ ಆಸಿಡ್ ಜಾತಿಯದ್ದು. ಲೆಡ್ ಆಸಿಡ್ ಬ್ಯಾಟರಿಯನ್ನು ತಳಕ್ಕೆ ಇಳಿಸಬಾರದು. ಅರ್ಧ ಬಳಸಿ ಅರ್ಧ ಉಳಿಸಿದರೆ ವರ್ಷಗಟ್ಟಲೆ ಬರುತ್ತೆ. ಪ್ರತಿ ಸಲ ಇನ್ವರ್ಟರ್ ಕೂಗುವವರೆಗೆ ಎಳೆದರೆ, ಅದರ ಮೇಲೆ ಎರಡು ಮೂರು ದಿನ ಹಾಗೇ ಖಾಲಿ ಬಿಟ್ಟರೆ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ನಿಲ್ಲಲ್ಲ. ಹಾಗಾಗಿ ನಿಮ್ಮ ಕೈಯಲ್ಲಿ ಇರೋದು 1800 ಅಲ್ಲ, 900.

ಈಗ ಇನ್ನೊಂದು ಬ್ಯಾಟರಿ ಬದಲು ಏನು ಮಾಡಬಹುದು ನೋಡಿ. ಇನ್ವರ್ಟರ್ ಇಲ್ಲದೆ ನೇರ ಬ್ಯಾಟರಿಯಿಂದ ಓಡುವ 12 ವೋಲ್ಟಿನ ಡಿಸಿ ಫ್ಯಾನ್ ಸಿಗುತ್ತೆ, ಒಂದಕ್ಕೆ 15 ವ್ಯಾಟ್. ಹಾಸಿಗೆಯ ಹತ್ತಿರ ಕಟ್ಟಿದರೆ ಗಾಳಿಗೇನೂ ಕೊರತೆ ಇಲ್ಲ. ಎರಡು ಫ್ಯಾನ್ 7 ಗಂಟೆಗೆ 210. ಫ್ರಿಜ್ಜಿಗೆ 12 ವೋಲ್ಟಿನ, ಮೇಲೆ ಮುಚ್ಚಳ ಇರುವ ಕಂಪ್ರೆಸರ್ ಪೆಟ್ಟಿಗೆ ತಗೊಳ್ಳಿ. ಮುಚ್ಚಳ ಮೇಲಿದ್ದರೆ ತೆಗೆದಾಗ ತಣ್ಣನೆ ಗಾಳಿ ಕೆಳಗೆ ಸುರಿದು ಹೋಗಲ್ಲ. ರಾತ್ರಿಗೆ 180 ಸಾಕು. ಎಲ್‌ಇಡಿ ಪಟ್ಟಿಗೆ 40. ಇನ್ವರ್ಟರ್ ಪೂರ್ತಿ ಆಫ್. ಒಟ್ಟು 430. ಅದೇ ಬ್ಯಾಟರಿ, ಬೆಳಿಗ್ಗೆ ಎದ್ದಾಗ ಮುಕ್ಕಾಲು ಭಾಗ ಉಳಿದಿರುತ್ತೆ. ಫ್ರಿಜ್ ಬದಲಿಸೋಕೆ ಈಗಲೇ ದುಡ್ಡಿಲ್ಲ ಅಂದರೆ ಫ್ಯಾನ್ ಮಾತ್ರ ಬದಲಿಸಿ. ಮಕ್ಕಳು ಬೆಳಗಿನವರೆಗೆ ಮಲಗಿರುತ್ತಾರೆ.

ಮರುಪ್ರಶ್ನೆ (ಅದೇ ಸದಸ್ಯರು): ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ ಖರ್ಚಾಗುತ್ತಾ? ಇದು ಗೊತ್ತೇ ಇರಲಿಲ್ಲ.

ಉತ್ತರ: ಆಗುತ್ತೆ ಸರ್. ಏನೂ ಓಡಿಸದೆ ಅರ್ಧ ಗಂಟೆ ಆನ್ ಇಟ್ಟು ಮೇಲೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತೆ. ಆ ಬಿಸಿ ನಿಮ್ಮ ಬ್ಯಾಟರಿಯದ್ದೇ. 20 ವ್ಯಾಟ್ ಅಂದರೆ ದಿನಕ್ಕೆ ಅರ್ಧ ಯೂನಿಟ್ ಹತ್ತಿರ. ಮೊಬೈಲ್ ಚಾರ್ಜ್ ಮಾಡೋಕೆ ಅಂತ ಇನ್ವರ್ಟರ್ ಹಚ್ಚಿ ಇಡುವವರು ತುಂಬಾ ಜನ. ಮೊಬೈಲ್ ಒಂದು ಸಲ ತುಂಬೋಕೆ ಬೇಕಾಗೋದು 20 ವ್ಯಾಟ್-ಅವರ್ ಮಾತ್ರ. ಅದಕ್ಕೆ 12 ವೋಲ್ಟಿನ ಯುಎಸ್‌ಬಿ ಸಾಕೆಟ್ ಹಾಕಿಸಿ.

ಪ್ರಶ್ನೆ (ಕುಮಟಾದಿಂದ): ಅಣ್ಣಾ, ಲಿಥಿಯಂ ಹಾಕಿಸೋದಾ, ಟ್ಯೂಬ್ಯುಲರೇ ಸಾಕಾ? ರೇಟ್ ಕೇಳಿದರೆ ಎದೆ ಝಲ್ ಅನ್ನುತ್ತೆ.

ಉತ್ತರ: ವರ್ಷಕ್ಕೆ ಒಂದೆರಡು ಸಲ ಹೋಗುವವರಾದರೆ ಟ್ಯೂಬ್ಯುಲರ್ ಸಾಕು ತಮ್ಮಾ. ತಿಂಗಳಿಗೊಮ್ಮೆ ಹೊರಡುವವರಾದರೆ ಲಿಥಿಯಂ ಐರನ್ ಫಾಸ್ಫೇಟ್ ಹಾಕಿಸು. 100 ಎಎಚ್ ಲಿಥಿಯಂನಲ್ಲಿ 1.28 ಯೂನಿಟ್ ಇರುತ್ತೆ. ಅದರಲ್ಲಿ ಶೇ. 80ರಿಂದ 90 ಧೈರ್ಯವಾಗಿ ಬಳಸಬಹುದು. 150 ಎಎಚ್ ಟ್ಯೂಬ್ಯುಲರ್‌ನಲ್ಲಿ ಬಳಸೋಕೆ ಸಿಗೋದು 0.9. ಲಿಥಿಯಂ ಸಣ್ಣದಿದ್ದರೂ ಕೆಲಸಕ್ಕೆ ಬರೋದು ಅದೇ ಜಾಸ್ತಿ.

ತೂಕವನ್ನೂ ನೋಡು. ಟ್ಯೂಬ್ಯುಲರ್ ಆಸಿಡ್ ಸೇರಿ 55ರಿಂದ 60 ಕೆಜಿ. ಇಬ್ಬರು ಹಿಡಿದು ಎತ್ತಬೇಕು. ಲಿಥಿಯಂ 12 ಕೆಜಿ ಆಸುಪಾಸು. ದೇವಿಮನೆ ಘಾಟಿ ಹತ್ತುವ ಸಣ್ಣ ಗಾಡಿಗೆ ಈ ವ್ಯತ್ಯಾಸ ಗೊತ್ತಾಗುತ್ತೆ.

ಟ್ಯೂಬ್ಯುಲರ್ ಬಗ್ಗೆ ಒಂದು ಎಚ್ಚರಿಕೆ ಎಲ್ಲರಿಗೂ. ಅದು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಗಾಳಿಯಲ್ಲಿ ಶೇ. 4 ಸೇರಿದರೆ ಕಿಡಿ ತಾಗಿ ಸಿಡಿಯಬಹುದು. ಮಲಗುವ ಹಾಸಿಗೆಯ ಕೆಳಗೆ, ಮುಚ್ಚಿದ ಪೆಟ್ಟಿಗೆಯಲ್ಲಿ, ಗ್ಯಾಸ್ ಒಲೆಯ ಪಕ್ಕ ಇಡಲೇಬೇಡಿ. ಪೆಟ್ಟಿಗೆಯ ಮೇಲ್ಭಾಗದಿಂದ ಹೊರಗೆ ಹೋಗುವ ಪೈಪು ಬೇಕೇ ಬೇಕು. ಈ ವಿಷಯದಲ್ಲಿ ಗಿರಾಕಿ ಬೇಜಾರು ಮಾಡಿಕೊಂಡರೂ ನಾನು ಒಪ್ಪಲ್ಲ.

ಪ್ರಶ್ನೆ (ಅಂಕೋಲಾದಿಂದ): ನಾನು ಲಿಥಿಯಂ ಹಾಕಿಸಿದ್ದೇನೆ. ಮೀಟರಿನಲ್ಲಿ 13.2 ವೋಲ್ಟ್ ತೋರಿಸುತ್ತಾ ಇತ್ತು, ಇನ್ನೂ ತುಂಬಾ ಇದೆ ಅಂದುಕೊಂಡೆ. ಆಮೇಲೆ ಒಮ್ಮೆಲೇ ಕಟ್ ಆಯಿತು. ಬ್ಯಾಟರಿ ಹಾಳಾಗಿದೆಯಾ?

ಉತ್ತರ: ಹಾಳಾಗಿಲ್ಲ. ಲಿಥಿಯಂ ಸ್ವಭಾವವೇ ಹಾಗೆ. ಲೆಡ್ ಆಸಿಡ್ ಆದರೆ ವೋಲ್ಟ್ ನೋಡಿ ಹೇಳಬಹುದು. ಏನೂ ಓಡಿಸದೆ ಒಂದೆರಡು ತಾಸು ಬಿಟ್ಟು ನೋಡಿದಾಗ 12.7 ಇದ್ದರೆ ಫುಲ್, 12.2 ಇದ್ದರೆ ಅರ್ಧ, 12.0 ಬಂದರೆ ನಿಲ್ಲಿಸಿಬಿಡಿ. ಲಿಥಿಯಂ ಮುಕ್ಕಾಲಿನಿಂದ ಕಾಲು ಭಾಗದವರೆಗೆ 13.0ರಿಂದ 13.3ರ ನಡುವೆಯೇ ಆಡುತ್ತೆ. ತಳಕ್ಕೆ ಬಂದಾಗ ದಡಕ್ಕನೆ ಬೀಳುತ್ತೆ, ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕಟ್ ಮಾಡುತ್ತೆ.

ನಿಮಗೆ ಬೇಕಾದದ್ದು ಶಂಟ್ ಇರುವ ಬ್ಯಾಟರಿ ಮಾನಿಟರ್. ನೆಗೆಟಿವ್ ವೈರಿನ ದಾರಿಯಲ್ಲಿ ಹಿತ್ತಾಳೆಯ ತುಂಡಿನಂಥ ಶಂಟ್ ಕೂರಿಸುತ್ತಾರೆ. ಒಳಗೆ ಎಷ್ಟು ಆಂಪ್ ಹೋಯಿತು, ಹೊರಗೆ ಎಷ್ಟು ಬಂತು ಅಂತ ಅದು ಎಣಿಸುತ್ತಾ ಇರುತ್ತೆ. ಎಲ್ಲ ನೆಗೆಟಿವ್ ವೈರುಗಳೂ ಶಂಟ್ ದಾಟಿದ ಮೇಲೇ ಸೇರಬೇಕು. ಒಂದನ್ನು ನೇರ ಬ್ಯಾಟರಿಗೆ ಕೊಟ್ಟರೂ ಲೆಕ್ಕ ತಪ್ಪುತ್ತೆ. ಗಾಡಿಗೆ ಒಂದೇ ಒಂದು ಹೊಸ ಸಾಮಾನು ತಗೊಳ್ಳೋಕೆ ದುಡ್ಡಿದೆ ಅಂದರೆ ನಾನು ಇದನ್ನೇ ತಗೊಳ್ಳಿ ಅನ್ನುತ್ತೇನೆ. ಎರಡು ರಾತ್ರಿ ಅದನ್ನು ನೋಡಿದವರು ತಾವೇ ಹೋಗಿ ಬೇಡದ ಸ್ವಿಚ್ ಆಫ್ ಮಾಡುತ್ತಾರೆ.

ಪ್ರಶ್ನೆ (ಬೆಳಗಾವಿಯಿಂದ): ಮನೆ ಮೇಲೆ ಹಾಕುವ 330 ವ್ಯಾಟಿನ ದೊಡ್ಡ ಸೋಲಾರ್ ಪ್ಯಾನಲ್ ಕಡಿಮೆಗೆ ಸಿಕ್ಕಿತು. ಗಾಡಿಯ ಮೇಲೆ ಹಾಕಿಸಿದೆ. ಬಿಸಿಲು ಚೆನ್ನಾಗಿದ್ದರೂ 110 ವ್ಯಾಟ್ ದಾಟಲ್ಲ. ಪ್ಯಾನಲ್ ಮೋಸನಾ?

ಉತ್ತರ: ಪ್ಯಾನಲ್ ಸರಿ ಇದೆ. ನಿಮ್ಮ ಚಾರ್ಜ್ ಕಂಟ್ರೋಲರ್, ಅಂದರೆ ಪ್ಯಾನಲ್‌ಗೂ ಬ್ಯಾಟರಿಗೂ ನಡುವೆ ಇರುವ ಡಬ್ಬ, ಪಿಡಬ್ಲ್ಯೂಎಂ ಜಾತಿಯದ್ದು ಇರಬೇಕು, ನೋಡಿ. ಆ ಪ್ಯಾನಲ್ ಸುಮಾರು 37 ವೋಲ್ಟ್, 9 ಆಂಪ್‌ನಲ್ಲಿ 330 ವ್ಯಾಟ್ ಕೊಡುತ್ತೆ. ಪಿಡಬ್ಲ್ಯೂಎಂ ಕಂಟ್ರೋಲರ್ ಪ್ಯಾನಲನ್ನು ಬ್ಯಾಟರಿಯ ವೋಲ್ಟಿಗೇ ಎಳೆದು ಕೂರಿಸುತ್ತೆ. 9 ಆಂಪ್, 13 ವೋಲ್ಟ್ ಅಂದರೆ ಎಷ್ಟಾಯಿತು? 117. ಉಳಿದದ್ದು ಸಿಗೋದೇ ಇಲ್ಲ. ಎಂಪಿಪಿಟಿ ಕಂಟ್ರೋಲರ್ ಹಾಕಿಸಿ. ಅದು ಜಾಸ್ತಿ ವೋಲ್ಟನ್ನು ಇಳಿಸಿ ಆ ಶಕ್ತಿಯನ್ನು ಆಂಪ್ ಆಗಿ ಕೊಡುತ್ತೆ. ಇದೇ ಪ್ಯಾನಲ್‌ನಿಂದ ಎರಡು ಪಟ್ಟಿಗಿಂತ ಜಾಸ್ತಿ ಬರುತ್ತೆ. ಕಂಟ್ರೋಲರ್ ತಗೊಳ್ಳುವಾಗ ಅದು ತಡೆಯುವ ವೋಲ್ಟ್ ಎಷ್ಟು ಅಂತ ಪ್ಯಾನಲ್ ಹಿಂದಿನ ಚೀಟಿಯ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದಿದ್ದಾಗಿನ ವೋಲ್ಟ್) ಜೊತೆ ತಾಳೆ ನೋಡಿ.

ಪ್ರಶ್ನೆ (ಹೊನ್ನಾವರದಿಂದ): ನಮ್ಮಲ್ಲಿ ದಂಡೆಯ ಮೇಲೆ ಬರೀ ಗಾಳಿಮರ, ತೆಂಗು. ನೆರಳಲ್ಲಿ ನಿಲ್ಲಿಸಿದರೆ ಸೋಲಾರ್ ಇಲ್ಲ. ಬಿಸಿಲಲ್ಲಿ ನಿಲ್ಲಿಸಿದರೆ ಒಳಗೆ ಕೂರೋಕಾಗಲ್ಲ. ಏನು ಮಾಡೋದು ಮಾರಾಯ್ರೆ?

ಉತ್ತರ: ಗಾಡಿ ನೆರಳಲ್ಲಿ, ಪ್ಯಾನಲ್ ಬಿಸಿಲಲ್ಲಿ. ಮಡಚುವ 100 ವ್ಯಾಟಿನ ಪ್ಯಾನಲ್ ಒಂದು, 8 ಮೀಟರ್ ಉದ್ದದ 6 ಸ್ಕ್ವೇರ್ ಎಂಎಂ ವೈರ್. ಮರಳಿನ ಮೇಲೆ ಒರಗಿಸಿ ಇಟ್ಟು ಹೊತ್ತಿಗೆ ತಕ್ಕಂತೆ ತಿರುಗಿಸಿ. ಗಾಳಿಗೆ ಹಾರದಂತೆ ಕಲ್ಲು ಕಟ್ಟಿ.

ನೆರಳಿನ ಬಗ್ಗೆ ಜನ ಅಂದುಕೊಳ್ಳೋದು ಹೀಗೆ: ಹತ್ತರಲ್ಲಿ ಒಂದು ಭಾಗ ನೆರಳು ಬಿದ್ದರೆ ಹತ್ತರಲ್ಲಿ ಒಂದು ಭಾಗ ಕಡಿಮೆಯಾಗುತ್ತೆ. ಹಾಗಲ್ಲ. 12 ವೋಲ್ಟಿನ ಸಾಮಾನ್ಯ ಪ್ಯಾನಲ್‌ನಲ್ಲಿ 36 ಸೆಲ್ ಒಂದರ ಹಿಂದೆ ಒಂದು ಸರಣಿಯಲ್ಲಿ ಇರುತ್ತವೆ. ಒಂದು ಸೆಲ್ ಪೂರ್ತಿ ಮುಚ್ಚಿದರೆ ಅದರ ಜೊತೆಗಿನ ಅರ್ಧ ಪ್ಯಾನಲ್ಲೇ ಕೂತುಬಿಡುತ್ತೆ. ತೆಂಗಿನ ಗರಿಯ ನೆರಳು ಸಾಕು. ಬಿಸಿಲಲ್ಲಿ ಆಂಪ್ ಮೀಟರ್ ನೋಡುತ್ತಾ ಪ್ಯಾನಲ್ ಮೇಲೆ ಅಂಗೈ ಅಡ್ಡ ಹಿಡಿಯಿರಿ. ಸಂಖ್ಯೆ ಇಳಿಯೋದು ಕಣ್ಣಿಗೇ ಕಾಣುತ್ತೆ. ಮೇಲೆ ಎರಡು ಪ್ಯಾನಲ್ ಇದ್ದು ಒಂದಕ್ಕೆ ನೆರಳು ಬೀಳುವ ಜಾಗವಾದರೆ ಪ್ಯಾರಲಲ್ (ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್) ಜೋಡಿಸಿ. ಇನ್ನೊಂದಾದರೂ ಪೂರ್ತಿ ದುಡಿಯುತ್ತೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಕಾರವಾರದಲ್ಲಿ ಡಿಸೆಂಬರ್ ಮಧ್ಯಾಹ್ನವೂ ನೆತ್ತಿಯಿಂದ 38 ಡಿಗ್ರಿ ಕೆಳಗೆ. ಆಗ ಪ್ಯಾನಲನ್ನು ದಕ್ಷಿಣಕ್ಕೆ ಎತ್ತಿ ಇಟ್ಟರೆ ಲಾಭ ಇದೆ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ, ಆಗ ಮಲಗಿಸಿ ಇಟ್ಟರೆ ಸರಿ. ಚಳಿಗಾಲದ ಒಳ್ಳೆ ಬಿಸಿಲಲ್ಲಿ 200 ವ್ಯಾಟ್ ಪ್ಯಾನಲ್‌ನಿಂದ ದಿನಕ್ಕೆ 0.7 ಯೂನಿಟ್ ಅಂತ ಹಿಡಿಯಿರಿ. ಡಬ್ಬದ ಮೇಲೆ ಬರೆದದ್ದನ್ನು ನಂಬಿ ಜಾಸ್ತಿ ಹಿಡಿಯಬೇಡಿ.

ಮತ್ತೆ, ಕಾಯಿ ಇರುವ ತೆಂಗಿನ ಮರದ ಬುಡದಲ್ಲಿ ಗಾಡಿಯನ್ನೂ ನಿಲ್ಲಿಸಬೇಡಿ, ಪ್ಯಾನಲನ್ನೂ ಇಡಬೇಡಿ. ಇದನ್ನು ಹೊನ್ನಾವರದವರಿಗೆ ಹೇಳಬೇಕಾಗಿಲ್ಲ. ಬಯಲುಸೀಮೆಯಿಂದ ಬಂದವರಿಗೆ ಹೇಳುತ್ತಿದ್ದೇನೆ.

ಪ್ರಶ್ನೆ (ಶಿರಸಿಯಿಂದ): ಅಣ್ಣಾ, ನಮ್ಮ ಅಪ್ಪಯ್ಯನಿಗೆ ರಾತ್ರಿ ಸಿಪ್ಯಾಪ್ ಮಶೀನು (ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಊದುವುದು) ಬೇಕು. ಅವರಿಗೆ ಮುರ್ಡೇಶ್ವರ, ಗೋಕರ್ಣ ಎಲ್ಲ ನೋಡಬೇಕು ಅಂತ ಆಸೆ. ಗಾಡಿಯಲ್ಲಿ ಮಲಗಿಸೋಕೆ ಹೆದರಿಕೆ. ನಡುರಾತ್ರಿ ನಿಂತುಹೋದರೆ?

ಉತ್ತರ: ತಂಗೀ, ಹೆದರಬೇಡ. ಸರಿಯಾಗಿ ತಯಾರಿ ಮಾಡಿಕೊಂಡರೆ ಧಾರಾಳವಾಗಿ ಕರೆದುಕೊಂಡು ಹೋಗಬಹುದು.

ಆ ಮಶೀನಿನ ಗಾಳಿ ಊದುವ ಮೋಟಾರು ಜಾಸ್ತಿ ತಿನ್ನಲ್ಲ. ಸಾಧಾರಣ 20ರಿಂದ 40 ವ್ಯಾಟ್, ರಾತ್ರಿಗೆ 8 ಗಂಟೆ ಅಂದರೆ 160ರಿಂದ 320. ಜಾಸ್ತಿ ತಿನ್ನೋದು ನೀರು ಬಿಸಿ ಮಾಡುವ ಹ್ಯೂಮಿಡಿಫೈಯರ್ ಮತ್ತು ಬಿಸಿಯಾಗುವ ಪೈಪು. ಅವೆರಡೂ ಸೇರಿದರೆ ಖರ್ಚು ಎರಡು ಪಟ್ಟಾಗಬಹುದು. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೇಗೂ ಇರುತ್ತೆ. ಅದನ್ನು ಆಫ್ ಮಾಡಿ ಮಲಗಬಹುದಾ ಅಂತ ಡಾಕ್ಟರ ಹತ್ತಿರ ಮೊದಲೇ ಕೇಳು. ಅವರು ಬೇಡ ಅಂದರೆ ಆಫ್ ಮಾಡಬೇಡ, ಲೆಕ್ಕದಲ್ಲಿ ಸೇರಿಸಿಕೋ.

ಮಶೀನಿನ ಕಂಪನಿಯದ್ದೇ ಡಿಸಿ ಅಡಾಪ್ಟರ್ ತಗೋ. ಹಲವು ಮಶೀನು 24 ವೋಲ್ಟಿನವು, ಸಿಗರೇಟ್ ಸಾಕೆಟ್ಟಿನಿಂದ ಯಾವುದೋ ಪಿನ್ ಚುಚ್ಚಬಾರದು. ಹೊರಡುವ ಮೊದಲು ಮನೆಯ ಅಂಗಳದಲ್ಲೇ ಗಾಡಿ ನಿಲ್ಲಿಸಿ ಒಂದು ರಾತ್ರಿ ಅಪ್ಪಯ್ಯನನ್ನು ಅದರಲ್ಲೇ ಮಲಗಿಸು. ಪ್ಲಗ್ ಹಾಕಬೇಡ. ಬೆಳಿಗ್ಗೆ ಎಷ್ಟು ಖರ್ಚಾಯಿತು ಅಂತ ಮಾನಿಟರ್‌ನಲ್ಲಿ ನೋಡು. ಅದರ ಎರಡರಷ್ಟು ಬ್ಯಾಟರಿಯಲ್ಲಿ ಇರಬೇಕು. ಅಪ್ಪಯ್ಯನ ಮಶೀನಿಗೆ ಬೇರೆಯೇ ಫ್ಯೂಸ್, ಬೇರೆಯೇ ವೈರ್ ಹಾಕಿಸು. ಫ್ರಿಜ್ಜಿಗೋ ಪಂಪಿಗೋ ಏನಾದರೂ ಆಗಿ ಫ್ಯೂಸ್ ಹೋದರೆ ಮಶೀನು ನಿಲ್ಲಬಾರದು. ಮೂರು ರಾತ್ರಿಯ ಪ್ರವಾಸ ಆದರೆ ನಡುವಿನ ರಾತ್ರಿ ಕರೆಂಟ್ ಇರುವ ಹೋಮ್‌ಸ್ಟೇನಲ್ಲಿ ಉಳಿದರೆ ಇನ್ನೂ ನಿಶ್ಚಿಂತೆ.

ಮರುಪ್ರಶ್ನೆ (ಅದೇ ಸದಸ್ಯೆ): ತುಂಬಾ ಉಪಕಾರ ಆಯಿತು ಅಣ್ಣಾ. ಅಂಗಳದಲ್ಲಿ ಮಲಗಿಸುವ ವಿಷಯ ಹೊಳೆದೇ ಇರಲಿಲ್ಲ.

ಪ್ರಶ್ನೆ (ಯಲ್ಲಾಪುರದಿಂದ): ಇಂಡಕ್ಷನ್ ಒಲೆ, ಮಿಕ್ಸಿ, ಟೀಗೆ ಎಲೆಕ್ಟ್ರಿಕ್ ಕೆಟಲ್. ಇವುಗಳಲ್ಲಿ ಯಾವುದು ನಡೆಯುತ್ತೆ?

ಉತ್ತರ: ಮಿಕ್ಸಿ ನಡೆಯುತ್ತೆ. 500 ವ್ಯಾಟ್ ಅಂತ ಬರೆದಿದ್ದರೂ ಚಟ್ನಿಗೆ ಓಡೋದು ಮೂರು ನಿಮಿಷ. 25 ವ್ಯಾಟ್-ಅವರ್. ಮನೆ ಕರೆಂಟಿನಂಥದ್ದೇ ಕೊಡುವ ಪ್ಯೂರ್ ಸೈನ್ ಇನ್ವರ್ಟರ್ ಇರಲಿ, ಶುರುವಾಗುವಾಗಿನ ಎಳೆತ ತಡೆಯುವಷ್ಟು ದೊಡ್ಡದಿರಲಿ. ಕೆಲಸ ಆದ ಕೂಡಲೇ ಇನ್ವರ್ಟರ್ ಆಫ್.

ಕೆಟಲ್ ನಿಮ್ಮ ಇಷ್ಟ. ಒಂದು ಲೀಟರ್ ನೀರು ಕುದಿಯೋಕೆ ಸುಮಾರು 100 ವ್ಯಾಟ್-ಅವರ್ ಬೇಕು. ಅಷ್ಟರಲ್ಲಿ ಆ 15 ವ್ಯಾಟಿನ ಫ್ಯಾನ್ ಆರೂವರೆ ಗಂಟೆ ಓಡುತ್ತೆ. ನೀವೇ ತೂಗಿ ನೋಡಿ.

ಇಂಡಕ್ಷನ್ ಬೇಡ. 1500 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ 140 ಆಂಪ್ ಹತ್ತಿರ. ಅಷ್ಟು ಆಂಪ್‌ಗೆ ವೈರ್, ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ಕೊಂಡಿ), ಫ್ಯೂಸ್ ಎಲ್ಲ ಬೇರೆ ಮಟ್ಟದ್ದು ಬೇಕು. ಅನ್ನ, ಸಾರು ಎರಡಾಗುವಷ್ಟರಲ್ಲಿ ಅರ್ಧ ಯೂನಿಟ್ ಹೋಗಿರುತ್ತೆ. ಬಿಸಿ ಮಾಡುವ ಕೆಲಸ ಗ್ಯಾಸಿಗೆ ಬಿಡಿ, 5 ಕೆಜಿ ಸಿಲಿಂಡರ್ ಸಾಕು. ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ.

ಪ್ರಶ್ನೆ (ಬೆಂಗಳೂರಿನಿಂದ): ಎಸಿ?

ಉತ್ತರ: ಪ್ಲಗ್ ಇಲ್ಲದ ಜಾಗದಲ್ಲಿ ಬೇಡ. ಅರ್ಧ ಟನ್ ಎಸಿ ಒಂದು ರಾತ್ರಿಗೆ 3 ಯೂನಿಟ್ ಕೇಳುತ್ತೆ. 200 ವ್ಯಾಟ್ ಪ್ಯಾನಲ್ ಅದನ್ನು ತುಂಬಿಸೋಕೆ ನಾಲ್ಕು ದಿನ ಬೇಕು. ಏಪ್ರಿಲ್, ಮೇನಲ್ಲಿ ಬಂದು ಎಸಿ ಬೇಕು ಅನ್ನೋದಕ್ಕಿಂತ ಡಿಸೆಂಬರ್, ಜನವರಿಯಲ್ಲಿ ಬನ್ನಿ. ಸಮುದ್ರದ ಗಾಳಿ ಬರುವ ಕಡೆಗೆ ಬಾಗಿಲು ಮಾಡಿ, ಸೊಳ್ಳೆ ಪರದೆ ಹಾಕಿ, ಒಂದು ಫ್ಯಾನ್ ಹಚ್ಚಿ.

ಪ್ರಶ್ನೆ (ಧಾರವಾಡದಿಂದ): ಗಾಡಿ ಓಡುವಾಗ ಆಲ್ಟರ್ನೇಟರ್‌ನಿಂದಲೇ (ಇಂಜಿನ್ ತಿರುಗಿಸಿ ಕರೆಂಟ್ ಮಾಡುವ ಡೈನಮೋ) ಹಿಂದಿನ ಬ್ಯಾಟರಿ ಚಾರ್ಜ್ ಆಗುವಂತೆ ನೇರ ವೈರ್ ಎಳೆಸಿದ್ದೇನೆ. ಆದರೂ ತುಂಬಲ್ಲ. ಹೊಸ ಬಿಎಸ್ 6 ಗಾಡಿ.

ಉತ್ತರ: ಎರಡು ಕಾರಣ ಇರಬಹುದು. ಹೊಸ ಗಾಡಿಗಳಲ್ಲಿ ಹಲವದರ ಆಲ್ಟರ್ನೇಟರ್ ಸ್ಮಾರ್ಟ್ ಆಗಿರುತ್ತೆ. ಮುಂದಿನ ಬ್ಯಾಟರಿ ತುಂಬಿದೆ ಅಂತ ಕಂಡ ಕೂಡಲೇ ಡೀಸೆಲ್ ಉಳಿಸೋಕೆ ವೋಲ್ಟ್ ಇಳಿಸುತ್ತೆ. ಹಿಂದಿನ ಬ್ಯಾಟರಿಗೆ ಬೇಕಾದ 14.4 ತಲುಪೋದೇ ಇಲ್ಲ.

ಇನ್ನೊಂದು ವೈರ್. ಬಾನೆಟ್‌ನಿಂದ ಹಿಂದಿನವರೆಗೆ 4 ಮೀಟರ್ ಅಂದರೆ ಹೋಗಿ ಬರುವ ದಾರಿ 8 ಮೀಟರ್. 4 ಸ್ಕ್ವೇರ್ ಎಂಎಂ ವೈರಿನಲ್ಲಿ 30 ಆಂಪ್ ಹರಿದರೆ ದಾರಿಯಲ್ಲೇ 1 ವೋಲ್ಟ್ ಹೋಯಿತು. 16 ಸ್ಕ್ವೇರ್ ಎಂಎಂ ಹಾಕಿದರೆ ಕಾಲು ವೋಲ್ಟ್ ಮಾತ್ರ. ಮನೆ ವೈರಿಂಗ್ ಮಾಡುವವರಿಗೆ ಇದು ಅಂದಾಜಿಗೆ ಬರಲ್ಲ, ಯಾಕಂದರೆ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗಲ್ಲ. 12ರಲ್ಲಿ ಅದೇ ಎಲ್ಲ.

ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಬಂದ ವೋಲ್ಟ್ ಎಷ್ಟೇ ಇರಲಿ, ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ ಕೊಡುತ್ತೆ. 30 ಆಂಪಿನದ್ದಾದರೆ ಕಾರವಾರದಿಂದ ಗೋಕರ್ಣಕ್ಕೆ ಒಂದೂವರೆ ತಾಸಿನ ದಾರಿಯಲ್ಲಿ 45 ಎಎಚ್, ಅಂದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ತುಂಬುತ್ತೆ. ಮೊದಲು ಹುಬ್ಬಳ್ಳಿಯವರಿಗೆ ಹೇಳಿದ ಲೆಕ್ಕದಲ್ಲಿ ಒಂದು ರಾತ್ರಿಗೆ ಅದು ಸಾಕು. ವೈರಿನ ಎರಡೂ ತುದಿಗೆ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಎರಡೂ ಕಡೆ ಬ್ಯಾಟರಿ ಇರೋದರಿಂದ ನಡುವೆ ಎಲ್ಲಿ ಉಜ್ಜಿ ಶಾರ್ಟ್ ಆದರೂ ಎರಡು ಕಡೆಯಿಂದಲೂ ಬೆಂಕಿ ನುಗ್ಗುತ್ತೆ.

ಮತ್ತೆ, ನಿಂತಲ್ಲೇ ಇಂಜಿನ್ ಹಚ್ಚಿ ಚಾರ್ಜ್ ಮಾಡೋದನ್ನು ರೂಢಿ ಮಾಡಿಕೊಳ್ಳಬೇಡಿ. ಐಡಲ್‌ನಲ್ಲಿ ಆಲ್ಟರ್ನೇಟರ್ ಕೊಡೋದು ಕಡಿಮೆ, ಬಿಸಿಯಾಗೋದು ಜಾಸ್ತಿ. ಒಳಗೆ ಯಾರಾದರೂ ಮಲಗಿದ್ದಾಗಂತೂ ಇಂಜಿನ್ ಆಗಲಿ, ಜನರೇಟರ್ ಆಗಲಿ ಹಚ್ಚಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರು ಏಳೋದಿಲ್ಲ.

ಪ್ರಶ್ನೆ (ಕಾರವಾರದಿಂದಲೇ): ಬೋಟಿನ ಬ್ಯಾಟರಿಯ ಹಾಗೆ ಗಾಡಿಯದ್ದರ ಟರ್ಮಿನಲ್ಲೂ ಬೆಳ್ಳಗೆ, ಹಸಿರು ಹಸಿರು ಹಿಡಿಯುತ್ತೆ. ಗ್ರೀಸ್ ಹಚ್ಚಿದರೂ ನಿಲ್ಲಲ್ಲ.

ಉತ್ತರ: ಗ್ರೀಸ್ ಯಾವಾಗ ಹಚ್ಚುತ್ತೀರಿ ಅನ್ನೋದು ಮುಖ್ಯ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಅಡುಗೆ ಸೋಡಾ ಕಲಸಿದ ಬೆಚ್ಚನೆ ನೀರಲ್ಲಿ ಹಳೆಯ ಬ್ರಶ್ಶಿನಿಂದ ತಿಕ್ಕಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು. ಒರೆಸಿ ಪೂರ್ತಿ ಒಣಗಿಸಿ. ಲೋಹಕ್ಕೆ ಲೋಹ ಹೊಳೆಯುವಂತೆ ತಾಗಿಸಿ ಬಿಗಿ ಮಾಡಿ. ವ್ಯಾಸಲೀನ್ ಆಗಲಿ ಗ್ರೀಸ್ ಆಗಲಿ ಬಿಗಿ ಮಾಡಿದ ಮೇಲೆ ಹೊರಗಿನಿಂದ. ಮೊದಲೇ ಹಚ್ಚಿ ಮೇಲೆ ಲಗ್ ಕೂರಿಸಿದರೆ ಜಾಯಿಂಟ್ ಸರಿಯಾಗಿ ತಾಗಲ್ಲ, ಬಿಸಿಯಾಗುತ್ತೆ.

ಉಪ್ಪುಗಾಳಿ ವೈರಿನ ಒಳಗೂ ಹೋಗುತ್ತೆ. ಹಳೆಯ ವೈರಿನ ತುದಿ ಸುಲಿದು ನೋಡಿ. ತಾಮ್ರ ಕೆಂಪಗೆ ಹೊಳೆಯದೆ ಕಪ್ಪಾಗಿದ್ದರೆ ಹೊಳಪು ಸಿಗುವವರೆಗೆ ಕತ್ತರಿಸಿ ಹೊಸ ಲಗ್ ಕ್ರಿಂಪ್ ಮಾಡಿಸಿ, ಮೇಲೆ ಹೀಟ್ ಶ್ರಿಂಕ್ ಹಾಕಿಸಿ. ಹೊಸದಾಗಿ ಮಾಡಿಸುವವರು ತವರ ಲೇಪನದ ಮೆರೈನ್ ವೈರ್ ಕೇಳಿ. ಪ್ಯಾನಲ್ ಮೇಲೂ ಉಪ್ಪಿನ ಪೊರೆ ಕೂರುತ್ತೆ. ಬೆಳಿಗ್ಗೆ ಗಾಜು ತಣ್ಣಗಿರುವಾಗ ಸಿಹಿನೀರಲ್ಲಿ ಒರೆಸಿ.

ಪ್ರಶ್ನೆ (ದಾಂಡೇಲಿಯಿಂದ): ಜೋಯಿಡಾ, ಯಾಣದ ಕಡೆ ಕಾಡೊಳಗೆ ನಿಲ್ಲಿಸಿದರೆ ಸೋಲಾರ್ ಎಷ್ಟು ಸಿಗುತ್ತೆ?

ಉತ್ತರ: ಸೋಲಾರ್ ಆಮೇಲೆ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ರಾತ್ರಿ ನಿಲ್ಲಿಸುವಂತಿಲ್ಲ. ಜೋಯಿಡಾ ಕಡೆಯ ಕಾಡಿನಲ್ಲಿ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹೋಮ್‌ಸ್ಟೇ ಅಂಗಳದಲ್ಲಿ ಕೇಳಿ ನಿಲ್ಲಿಸಿ. ಅಲ್ಲಿ ಮರದ ನೆರಳೇ ಜಾಸ್ತಿ, ಹಾಗಾಗಿ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೋಗಿ.

ಪ್ರಶ್ನೆ (ಸಿದ್ದಾಪುರದಿಂದ): ಮಳೆಗಾಲದಲ್ಲಿ ಗಾಡಿ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟೋದೇ ಇಲ್ಲ. ಬ್ಯಾಟರಿ ಏನು ಮಾಡಿ ಇಡಬೇಕು?

ಉತ್ತರ: ಲೆಡ್ ಆಸಿಡ್ ಆದರೆ ಪೂರ್ತಿ ತುಂಬಿಸಿ ಇಡಿ. ತಿಂಗಳಿಗೊಮ್ಮೆ ಮತ್ತೆ ತುಂಬಿಸಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಬಾವಿ ನೀರು, ಮಳೆ ನೀರು ಹಾಕಬೇಡಿ. ಲಿಥಿಯಂ ಆದರೆ ಅದಕ್ಕೆ ಉಲ್ಟಾ: ಪೂರ್ತಿ ತುಂಬಿಸಿ ಇಡಬಾರದು, ಅರ್ಧದಷ್ಟು ಇಟ್ಟು ಬಿಡಿ. ಶೆಡ್ಡಿನಲ್ಲಿ ಮನೆ ಇನ್ವರ್ಟರಿನ ಚಾರ್ಜರ್ ಅದಕ್ಕೆ ಹಚ್ಚಬೇಡಿ. ಟ್ಯೂಬ್ಯುಲರ್‌ಗೆ ಅಂತ ಮಾಡಿದ ಕೆಲವು ಚಾರ್ಜರ್ ಕೊನೆಗೆ 15 ವೋಲ್ಟ್ ದಾಟುತ್ತೆ. ಲಿಥಿಯಂಗೆ 14.6 ಕೊನೆ.

ಮರುಪ್ರಶ್ನೆ (ಅದೇ ಸದಸ್ಯರು): ಹೋದ ವರ್ಷ ಎಲ್ಲ ಸ್ವಿಚ್ ಆಫ್ ಮಾಡಿಯೇ ಇಟ್ಟಿದ್ದೆ. ಆದರೂ ಇಳಿದು ಹೋಗಿತ್ತು.

ಉತ್ತರ: ಸ್ವಿಚ್ ಆಫ್ ಆದರೂ ಕಂಟ್ರೋಲರ್, ಮಾನಿಟರ್, ಯುಎಸ್‌ಬಿ ಸಾಕೆಟ್ಟಿನ ಪುಟ್ಟ ದೀಪ ಇವೆಲ್ಲ ಹನಿ ಹನಿಯಾಗಿ ಎಳೆಯುತ್ತಲೇ ಇರುತ್ತವೆ. ನಾಲ್ಕು ತಿಂಗಳಿಗೆ ಅದೇ ಸಾಕು. ಮೊದಲು ಕಂಟ್ರೋಲರ್‌ಗೆ ಬರುವ ಪ್ಯಾನಲ್ ವೈರ್ ತೆಗೆಯಿರಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಲಗ್ಗಿಗೆ ಟೇಪ್ ಸುತ್ತಿ ಬದಿಗಿಡಿ. ಸೆಪ್ಟೆಂಬರ್‌ನಲ್ಲಿ ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನಲ್ ಆಮೇಲೆ.